ಬಳೆಚೂರಿನ ಗೋಡೆ: ಪ್ರಾಥಮಿಕ ಶಾಲೆಯ ಮಕ್ಕಳ ಜೊತೆ ಗಾಜಿನ ಚಿತ್ರ ಮಾಡುವ ಬಗೆ

ಗಾಜಿನ ಚೂರು ಜೋಡಿಸಿ ಗೋಡೆಗೆ ಚಿತ್ರ ಮಾಡಿಸಬೇಕು ಅಂತ ಯಾವುದಾದರೂ ಶಾಲೆಯಿಂದ ಫೋನ್ ಬಂದರೆ, ಗೋಡೆ ಎಷ್ಟು ಉದ್ದ ಎಷ್ಟು ಅಗಲ ಎಂದು ನಾನು ಕೇಳುವುದಿಲ್ಲ. ಹಾಜರಿ ಪುಸ್ತಕದಲ್ಲಿ ಎಷ್ಟು ಹೆಸರಿವೆ ಎಂದು ಕೇಳುತ್ತೇನೆ. ಹೆಗ್ಗಡದೇವನಕೋಟೆ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ 63 ಹೆಸರಿದ್ದವು. ಗೋಡೆಯ ಅಳತೆ ಆ ಸಂಖ್ಯೆಯಿಂದಲೇ ಬಂತು.

ಎರಡು ಅಡಿ ಉದ್ದ, ಎರಡು ಅಡಿ ಅಗಲದ ಒಂದು ಹಲಗೆಯಲ್ಲಿ ಆರು ಇಂಚಿನ 16 ಚೌಕ ಹಿಡಿಯುತ್ತವೆ. ನಾಲ್ಕು ಹಲಗೆಗೆ 64 ಚೌಕ. ಮಗುವಿಗೊಂದು ಚೌಕ ಕೊಟ್ಟ ಮೇಲೆ ಒಂದು ಉಳಿಯಿತು. ಅದು ಯಾರ ಪಾಲಾಯಿತು ಅಂತ ಆಮೇಲೆ ಹೇಳುತ್ತೇನೆ.

ಈ ಲೆಕ್ಕಾಚಾರ ಯಾಕೆಂದರೆ, ನಾನು ಮಾಡಿಸಿದ ಮೊದಲ ಗೋಡೆಯಲ್ಲಿ ದೊಡ್ಡ ನವಿಲೊಂದನ್ನು ನಾನೇ ಬರೆದು, ಮಕ್ಕಳಿಗೆ "ಇಲ್ಲಿ ನೀಲಿ ತುಂಬಿ, ಇಲ್ಲಿ ಹಸಿರು ತುಂಬಿ" ಅಂದಿದ್ದೆ. ನವಿಲು ಚೆನ್ನಾಗಿಯೇ ಬಂತು. ಮೂರು ತಿಂಗಳ ನಂತರ ಹೋದಾಗ ಒಬ್ಬ ಹುಡುಗನನ್ನು "ನೀನು ಮಾಡಿದ್ದು ಯಾವುದಪ್ಪಾ?" ಎಂದು ಕೇಳಿದೆ. ಗೋಡೆಯನ್ನು ಮೇಲೆ ಕೆಳಗೆ ನೋಡಿ, "ಗೊತ್ತಿಲ್ಲ ಮಿಸ್, ಎಲ್ಲ ನಿಮ್ದೇ" ಅಂದ. ಅಲ್ಲಿಂದಾಚೆಗೆ ಮಕ್ಕಳ ಗೋಡೆಯ ಮೇಲೆ ನಾನು ನವಿಲು ಬರೆದಿಲ್ಲ.

ಗಾಜು ಎಲ್ಲಿಂದ ತರುವುದು

ದುಡ್ಡು ಕೊಟ್ಟು ಗಾಜು ಕೊಳ್ಳುವ ಅಗತ್ಯವೇ ಬೀಳುವುದಿಲ್ಲ. ಬಳೆ ಅಂಗಡಿಯಲ್ಲಿ ದಿನವೂ ಒಡೆಯುವ ಬಳೆಗಳಿಗೆ ಒಂದು ಡಬ್ಬ ಇದ್ದೇ ಇರುತ್ತದೆ. ಮೈಸೂರಿನಲ್ಲಿ ನಾನು ಹೋಗುವ ಅಂಗಡಿಯವರು ಈಗ ಚೂರುಗಳನ್ನು ಬಣ್ಣಬಣ್ಣವಾಗಿ ಬೇರೆ ಮಾಡಿಯೇ ಇಟ್ಟಿರುತ್ತಾರೆ. ಜಾತ್ರೆ ಮುಗಿದ ಮರುದಿನ ಬಳೆ ಮಳಿಗೆಗಳ ಹತ್ತಿರ ಹೋದರೂ ಸಿಗುತ್ತದೆ. ಈ ಬಳೆಗಳ ಊರು ಬಹುಪಾಲು ಉತ್ತರ ಪ್ರದೇಶದ ಫಿರೋಜಾಬಾದ್. ಮಕ್ಕಳಿಗೆ ಭೂಪಟದಲ್ಲಿ ಆ ಊರನ್ನು ತೋರಿಸಿ, ನಾಲ್ಕನೇ ತರಗತಿಯವರು ಅಳತೆಪಟ್ಟಿ ಇಟ್ಟು ದೂರ ಲೆಕ್ಕ ಹಾಕಲಿ. ಪಾಠವೂ ಆಯಿತು, ಹೆಡ್‌ಮೇಡಂಗೆ ಸಮಾಧಾನವೂ ಆಯಿತು.

ಕಿಟಕಿ ಗಾಜು ಹಾಕುವ ಅಂಗಡಿಗಳಲ್ಲಿ ಉಳಿದ ಪಟ್ಟಿಗಳು ಸಿಗುತ್ತವೆ. ಬಾತ್‌ರೂಮ್ ಕಿಟಕಿಗೆ ಹಾಕುವ ಉಬ್ಬುತಗ್ಗಿನ ಡಿಸೈನ್ ಗಾಜು, ಕಂದು ಮತ್ತು ಹಸಿರು ಛಾಯೆಯ ಗಾಜು, ಕನ್ನಡಿ ತುಂಡು, ಯಾವುದಿದ್ದರೂ ತನ್ನಿ. ದಪ್ಪ 4 ಮಿಲಿಮೀಟರ್ ಆದರೆ ಒಳ್ಳೆಯದು, ಬಳೆಯ ಎತ್ತರಕ್ಕೆ ಅಷ್ಟಿಷ್ಟು ಹೊಂದುತ್ತದೆ. "ಇದು ಟಫನ್ಡಾ?" ಎಂದು ಕೇಳದೆ ತರಬೇಡಿ. ಟಫನ್ಡ್ ಅಂದರೆ ಕಾಯಿಸಿ ಗಟ್ಟಿ ಮಾಡಿದ ಗಾಜು, ಅದನ್ನು ಕತ್ತರಿಸಲು ಬರುವುದಿಲ್ಲ. ಗೀರಿ ಮುರಿಯಲು ಹೋದರೆ ಇಡೀ ಹಾಳೆ ಕಲ್ಲುಸಕ್ಕರೆಯ ಹಾಗೆ ಪುಡಿಯಾಗುತ್ತದೆ.

ತರಲೇಬಾರದ್ದು ಎರಡು. ಹಳೆಯ ಟ್ಯೂಬ್‌ಲೈಟ್, ಅದರೊಳಗೆ ಪಾದರಸ ಇರುತ್ತದೆ. ಹಳೆಯ ಡಬ್ಬಾ ಟಿವಿಯ ಗಾಜು, ಅದರಲ್ಲಿ ಸೀಸ ಇರುತ್ತದೆ. ಊರಿನವರು ಪ್ರೀತಿಯಿಂದ ಹೊತ್ತು ತಂದರೂ ಕೈ ಮುಗಿದು ವಾಪಸ್ ಕಳಿಸಿ.

ಬಳೆಯ ಬಣ್ಣವನ್ನು ಮೊದಲು ಪರೀಕ್ಷೆ ಮಾಡಬೇಕು. ಕೆಲವು ಬಳೆಗಳಲ್ಲಿ ಬಣ್ಣ ಗಾಜಿನೊಳಗೇ ಇರುತ್ತದೆ, ಕೆಲವಕ್ಕೆ ಮೇಲಿಂದ ಬಳಿದಿರುತ್ತಾರೆ. ಒಂದು ಬಕೆಟ್ ನೀರಿಗೆ ಒಂದು ಹಿಡಿ ಸಿಮೆಂಟ್ ಕಲಸಿ, ಪ್ರತಿ ಬಗೆಯ ನಾಲ್ಕು ಚೂರನ್ನು ಒಂದು ರಾತ್ರಿ ನೆನೆಹಾಕಿ. ಬೆಳಗ್ಗೆ ಕೈಗವಸು ಹಾಕಿಕೊಂಡು ತೆಗೆದು ಉಜ್ಜಿ. ಮೇಲುಬಣ್ಣದ್ದಾದರೆ ಸುಲಿದುಬರುತ್ತದೆ. ಈ ಪರೀಕ್ಷೆ ಮಾಡದೆ ಒಮ್ಮೆ ಇಡೀ ಸೂರ್ಯನನ್ನು ಹೊಳೆಯುವ ಚಿನ್ನದ ಬಣ್ಣದ ಬಳೆಯಲ್ಲಿ ಮಾಡಿಸಿದ್ದೆ. ಮೊದಲ ಮಳೆಗಾಲ ಕಳೆಯುವಷ್ಟರಲ್ಲಿ ಸೂರ್ಯ ಬೂದುಗುಂಬಳವಾಗಿದ್ದ.

ಗೂಡಿಗೆ ಹಾಕಿ ಕರಗಿಸಬಹುದಲ್ಲವೇ?

ಎಲ್ಲರೂ ಕೇಳುತ್ತಾರೆ. ನನ್ನ ಅಜ್ಜಿ ಒಡೆದ ಬಳೆಗಳನ್ನು ಬುಡ್ಡಿದೀಪದ ಉರಿಗೆ ಹಿಡಿದು, ಮೆತ್ತಗಾದ ಕೂಡಲೇ ಬಾಗಿಸಿ, ಒಂದರೊಳಗೊಂದು ಕೊಂಡಿ ಹಾಕಿ ಬಾಗಿಲಿಗೆ ತೋರಣ ಮಾಡುತ್ತಿದ್ದಳು. ಆ ನೆನಪಿನಿಂದಲೇ ನಾನು ಗಾಜಿಗೆ ಬಂದದ್ದು. ಆದರೆ ಶಾಲೆಯಲ್ಲಿ ಅದನ್ನು ಮಾಡಿಸುವುದಿಲ್ಲ. ಬಿಸಿ ಗಾಜು ನೋಡಲು ತಣ್ಣನೆಯ ಗಾಜಿನ ಹಾಗೇ ಇರುತ್ತದೆ, ಮಗುವಿಗೆ ವ್ಯತ್ಯಾಸ ಗೊತ್ತಾಗುವುದು ಮುಟ್ಟಿದ ಮೇಲೆಯೇ.

ಇನ್ನು ವಿದ್ಯುತ್ ಗೂಡು. ಕಿಟಕಿ ಗಾಜಿನ ಮೇಲೆ ಬಳೆಚೂರು ಜೋಡಿಸಿ 820 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದರೆ ಎರಡೂ ಸೊಗಸಾಗಿ ಬೆಸೆದುಕೊಳ್ಳುತ್ತವೆ. ಇದನ್ನು ನಾನೂ ಮಾಡಿದ್ದೆ, ಹನ್ನೆರಡು ತುಂಡು. ಗೂಡಿನಿಂದ ತೆಗೆದಾಗ ಒಂದಕ್ಕಿಂತ ಒಂದು ಚೆಂದ. ಆ ರಾತ್ರಿ ಮೇಜಿನ ಮೇಲಿಂದ "ಟಿಕ್" ಅಂತ ಸದ್ದು ಬಂತು. ಹಲ್ಲಿ ಅಂದುಕೊಂಡೆ. ಎರಡು ದಿನದಲ್ಲಿ ಹನ್ನೆರಡರಲ್ಲಿ ಒಂಬತ್ತು ಸೀಳಿದ್ದವು. ಕಾದಾಗ ಹಿಗ್ಗುವ, ಆರುವಾಗ ಕುಗ್ಗುವ ಪ್ರಮಾಣ ಎರಡು ಬಗೆಯ ಗಾಜಿಗೆ ಬೇರೆಬೇರೆ. ಬೆಸೆದುಕೊಂಡ ಮೇಲೆ ಒಂದು ಎಳೆದರೆ ಇನ್ನೊಂದು ಬಿಡುವುದಿಲ್ಲ, ಕೊನೆಗೆ ಎರಡೂ ಒಡೆಯುತ್ತವೆ. ನಿಧಾನವಾಗಿ ಆರಿಸಿದರೂ ಇದಕ್ಕೆ ಪರಿಹಾರವಿಲ್ಲ. ಗೂಡು ಇರುವವರು ಒಂದೇ ಹಾಳೆಯಿಂದ ಕತ್ತರಿಸಿದ ತುಂಡುಗಳನ್ನು ಮಾತ್ರ ಬೆಸೆಯಿರಿ. ನಾವು ಮಾಡುವ ಕೆಲಸದಲ್ಲಿ ಚೂರುಗಳ ನಡುವೆ ಸಂದು ಇರುವುದರಿಂದ ಬಳೆ, ಬಾಟಲಿ, ಕಿಟಕಿ, ಕನ್ನಡಿ ಎಲ್ಲವೂ ಜಗಳವಿಲ್ಲದೆ ಪಕ್ಕಪಕ್ಕ ಕೂರುತ್ತವೆ.

ಚೂಪು ತೆಗೆಯುವುದು

ಈ ಕೆಲಸ ದೊಡ್ಡವರದು, ಶಾಲೆಗೆ ಹೋಗುವ ಮೊದಲೇ ಮುಗಿದಿರಬೇಕು. ಕಿಟಕಿ ಗಾಜನ್ನು ಒಂದು, ಒಂದೂವರೆ ಇಂಚಿನ ತುಂಡುಗಳಾಗಿ ಕತ್ತರಿಸಿಕೊಳ್ಳಿ. ಬಳೆಯನ್ನು ಇಕ್ಕಳದಲ್ಲಿ ಕಾಲು ಚಂದ್ರ, ಅರ್ಧ ಚಂದ್ರದ ಹಾಗೆ ತುಂಡರಿಸಿ. ಆಮೇಲೆ ಎಲ್ಲದರ ಅಂಚು ಸವೆಸಬೇಕು.

ಸ್ವಲ್ಪವೇ ಇದ್ದರೆ ಸಾಣೆಕಲ್ಲನ್ನು ನೀರಿನಲ್ಲಿ ಅದ್ದಿ, ಪ್ರತಿ ಅಂಚಿಗೆ ಎರಡೆರಡು ಬಾರಿ ಎಳೆದರೆ ಸಾಕು. ಒಣಗಿದ್ದಾಗ ಉಜ್ಜಲೇಬೇಡಿ, ಗಾಜಿನ ದೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. 64 ಚೌಕಕ್ಕೆ ಬೇಕಾಗುವಷ್ಟನ್ನು ಕೈಯಲ್ಲಿ ಉಜ್ಜುತ್ತಾ ಕೂತರೆ ವರ್ಷ ಮುಗಿಯುತ್ತದೆ. ನಾನು ಪಕ್ಕದ ಬೀದಿಯಲ್ಲಿ ಮನೆ ಕಟ್ಟುತ್ತಿದ್ದ ಮೇಸ್ತ್ರಿಯವರನ್ನು ಕೇಳಿ, ಭಾನುವಾರ ಅವರ ಸಣ್ಣ ಕಾಂಕ್ರೀಟ್ ಮಿಕ್ಸರ್‌ಗೆ ಗಾಜು, ದಪ್ಪ ಮರಳು, ನೀರು ಹಾಕಿ ತಿರುಗಿಸಿದೆ. ಅರ್ಧ ಗಂಟೆಗೊಮ್ಮೆ ನಿಲ್ಲಿಸಿ ಒಂದು ಚೂರು ತೆಗೆದು ನೋಡಿ. ಎರಡು ಗಂಟೆಯೊಳಗೆ ಅಂಚೆಲ್ಲ ಹೊಳೆದಂಡೆಯ ಕಲ್ಲಿನ ಹಾಗೆ ನಯವಾಗಿತ್ತು. ಮೇಸ್ತ್ರಿ ನನ್ನನ್ನು ಒಂದು ಥರ ನೋಡಿದರು, ಆದರೆ ಬಾಡಿಗೆ ತೆಗೆದುಕೊಳ್ಳಲಿಲ್ಲ.

ಒಂದು ನೈಲಾನ್ ಸೀರೆಯ ತುಂಡು ಜೊತೆಯಲ್ಲಿರಲಿ. ಒಂದು ಹಿಡಿ ಚೂರು ತೆಗೆದು ಅದರ ಮೇಲೆ ಎಳೆದಾಡಿ. ಎಳೆ ಸಿಕ್ಕಿಕೊಂಡರೆ ಆ ರಾಶಿ ಇನ್ನೂ ತಯಾರಾಗಿಲ್ಲ.

ಗೆರೆ ಒಂದೇ, ಉಳಿದದ್ದು ಅವರದು

ಶಾಲೆಯ ಮೊದಲ ದಿನ ಗಾಜೇ ಬೇಡ. ಆರು ಇಂಚಿನ 64 ಕಾಗದಗಳನ್ನು ನೆಲದ ಮೇಲೆ ಹಾಸಿ, ಅವುಗಳ ಮೇಲೆ ಹಾದು ಹೋಗುವ ಹಾಗೆ ದಪ್ಪ ಮಾರ್ಕರ್‌ನಲ್ಲಿ ಒಂದೇ ಒಂದು ಅಂಕುಡೊಂಕಿನ ಗೆರೆ ಎಳೆದೆ. ಅದು ಕಬಿನಿ. ಒಂದು ಕಡೆ ಸೀಳಾಗಿ ಎರಡು ಕವಲಾಯಿತು, ಹಾಗಾಗಿ ಹೆಚ್ಚಿನ ಚೌಕಗಳಿಗೆ ನೀರು ಮುಟ್ಟಿತು. ಆಮೇಲೆ ಕಾಗದಗಳ ಹಿಂದೆ ಸಂಖ್ಯೆ ಬರೆದು ಹಂಚಿದೆ. ಸಂಖ್ಯೆಯ ಜೊತೆ ಮೇಲ್ಮುಖದ ಬಾಣವನ್ನೂ ಬರೆಯಿರಿ. ಹಿಂದೊಂದು ಶಾಲೆಯಲ್ಲಿ ಬಾಣ ಮರೆತು ಒಂದು ಮೇಕೆ ಕಾಲು ಮೇಲೆ ಮಾಡಿಕೊಂಡು ಗೋಡೆ ಸೇರಿತು. ಆ ಮೇಕೆಯ ಒಡತಿ ನನ್ನನ್ನು ಇನ್ನೂ ಕ್ಷಮಿಸಿಲ್ಲ.

ಗೆರೆಯ ಉಪಯೋಗ ಇದು: ನನ್ನ ಚೌಕದಿಂದ ಹೊರಟ ನೀರು ಪಕ್ಕದವನ ಚೌಕಕ್ಕೆ ಹೋಗಬೇಕು. ಅದು ತಿಳಿನೀಲಿಯೋ ಕಡುನೀಲಿಯೋ, ಅವನನ್ನು ಕೇಳದೆ ತೀರ್ಮಾನಿಸುವ ಹಾಗಿಲ್ಲ. ಒಂದನೇ ತರಗತಿಯ ಪುಟ್ಟಿ ಐದನೇ ತರಗತಿಯ ಹುಡುಗನ ಹತ್ತಿರ ಹೋಗಿ "ನಿನ್ ನೀರು ಯಾವ ಬಣ್ಣ?" ಎಂದು ಕೇಳಿದ್ದನ್ನು ಶಾಲೆಯ ಟೀಚರ್‌ಗಳೇ ನಿಂತು ನೋಡಿದರು. ಚೌಕ ಹಂಚುವಾಗ ಬೇಕೆಂದೇ ಚಿಕ್ಕವರ ಪಕ್ಕ ದೊಡ್ಡವರನ್ನು ಹಾಕಿ.

ಏನು ಬರೆಯಬೇಕೆಂದು ಹೇಳಬೇಡಿ. ಕಾಡಂಚಿನ ಊರು, ಆನೆ ಬರುತ್ತದೆ, ಹುಲಿ ಬರುತ್ತದೆ ಎಂದು ನಾನು ಕನಸು ಕಾಣುತ್ತಿದ್ದೆ. ಬಂದದ್ದು ಒಂಬತ್ತು ಟ್ರ್ಯಾಕ್ಟರ್, ನಾಲ್ಕು ಜೆಸಿಬಿ, ಒಂದು ಮೊಬೈಲ್ ಟವರ್, ಹೊಗೆಸೊಪ್ಪು ಬೇಯಿಸುವ ಮನೆ, ಹತ್ತಿ ಹೊಲ, ಹಲವು ಕೋಳಿ. "ಆನೆ ಯಾರೂ ಬರೀಲಿಲ್ವಾ?" ಅಂದೆ. "ಆನೆ ಬಂದ್ರೆ ಮುಸುಕಿನ ಜೋಳ ಹೋಯ್ತದೆ ಮಿಸ್" ಅಂತ ಒಬ್ಬ ತಲೆ ಎತ್ತದೆಯೇ ಹೇಳಿದ.

ಒಂದೇ ಒಂದು ಸಲಹೆ ಕೊಡಬಹುದು: ಚಿತ್ರ ದೊಡ್ಡದಾಗಿರಲಿ. ಆರು ಇಂಚಿನಲ್ಲಿ ಒಂದು ಕೋಳಿ ಮಾತ್ರ. ಕೋಳಿ, ಮರಿ, ಮನೆ, ಮನೆಯ ಮುಂದೆ ಅಮ್ಮ ಎಂದು ತುಂಬಿಸಿದರೆ ಗಾಜಿನಲ್ಲಿ ಎಲ್ಲವೂ ಕಲಸಿಹೋಗುತ್ತದೆ.

ಗಾಜಿನ ದಿನ

ನಮ್ಮ ಶಾಲೆಗಳಲ್ಲಿ ಮಕ್ಕಳು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರುತ್ತಾರೆ. ಗಾಜಿನ ದಿನ ಮಾತ್ರ ಎಲ್ಲರ ಕಾಲಲ್ಲೂ ಸರ್ಕಾರ ಕೊಟ್ಟ ಶೂ ಇರಲೇಬೇಕೆಂದು ಹಿಂದಿನ ದಿನವೇ ಹೇಳಿಕಳಿಸಿ. ನೆಲಕ್ಕೆ ಟಾರ್ಪಾಲ್ ಹಾಸಿ. ಒಂದು ಸಲಕ್ಕೆ ಹನ್ನೆರಡು ಮಕ್ಕಳು, ಆರು ಜನಕ್ಕೊಬ್ಬ ದೊಡ್ಡವರು, ನಲವತ್ತು ನಿಮಿಷ. ಅದಕ್ಕಿಂತ ಹೆಚ್ಚಾದರೆ ಚಿಕ್ಕವರ ಗಮನ ಕಿಟಕಿ ದಾಟುತ್ತದೆ.

ಗಾಜು ಕತ್ತರಿಸುವುದನ್ನು ಮಕ್ಕಳಿಗೆ ತೋರಿಸಿ, ಮಾಡಿಸಬೇಡಿ. ಸೀಮೆಸುಣ್ಣದಲ್ಲಿ ಗೆರೆ ಎಳೆದು, ಅದರಾಚೆ ಕೂರಿಸಿ. ಕಣ್ಣಿಗೆ ಕನ್ನಡಕ ಹಾಕಿಕೊಂಡು, ಕಟರ್‌ನ ಚಕ್ರವನ್ನು ಸೀಮೆಎಣ್ಣೆಯಲ್ಲೋ ಹೊಲಿಗೆ ಯಂತ್ರದ ಎಣ್ಣೆಯಲ್ಲೋ ಅದ್ದಿ, ಒಂದೇ ಒತ್ತಿನಲ್ಲಿ ಈ ತುದಿಯಿಂದ ಆ ತುದಿಗೆ ಎಳೆಯಿರಿ. ಎಳೆದ ಗೆರೆಯ ಮೇಲೆ ಮತ್ತೆ ಎಳೆಯುವಂತಿಲ್ಲ, ಅಂಚು ಚಿಪ್ಪೇಳುತ್ತದೆ, ಚಕ್ರವೂ ಹಾಳು. ಸರಿಯಾದ ಗೀರು ಸಣ್ಣಗೆ "ಸಿರ್ರ್" ಅನ್ನುತ್ತದೆ. ಎಲ್ಲರೂ ಬಾಯಿ ಮುಚ್ಚಿ ಆ ಸದ್ದು ಕೇಳಲಿ. ಆಮೇಲೆ ಗೀರಿನ ಎರಡೂ ಪಕ್ಕ ಹಿಡಿದು ಕೆಳಕ್ಕೆ ಬಾಗಿಸಿದರೆ ಗಾಜು ತಾನಾಗಿ ಆ ದಾರಿಯಲ್ಲೇ ಬಿಡುತ್ತದೆ. ಮಕ್ಕಳ ಬಾಯಿಂದ ಬರುವ "ಹೋ!" ಕೇಳಲಿಕ್ಕಾಗಿ ನಾನು ಬೇಕಿಲ್ಲದಿದ್ದರೂ ಎರಡು ಹಾಳೆ ಹೆಚ್ಚು ಕತ್ತರಿಸುತ್ತೇನೆ.

ಇನ್ನು ನನ್ನ ದೊಡ್ಡ ತಪ್ಪು. ಬಣ್ಣದ ಚೂರುಗಳನ್ನು ಹರಡಿಡಲು ತಟ್ಟೆ ಬೇಕಿತ್ತು. ವರಾಂಡದಲ್ಲಿ ಬಿಸಿಯೂಟದ ಸ್ಟೀಲ್ ತಟ್ಟೆಗಳು ತೊಳೆದು ಕವುಚಿಟ್ಟಿದ್ದವು. ಹತ್ತು ತಟ್ಟೆ ತೆಗೆದುಕೊಂಡು ಗಾಜು ಸುರಿದೆ. ಅಡುಗೆ ಅಮ್ಮ ನೀರಿನ ಕೊಡ ಇಳಿಸಿ ಬಂದು ನಿಂತರು. "ಏನವ್ವಾ ನೀನು, ಮಕ್ಳು ಉಣ್ಣೋ ತಟ್ಟೇಲಿ ಗಾಜು ಸುರ್ದಿದ್ದೀಯಲ್ಲ, ಓದ್ದೋಳಂತೆ, ಬುದ್ಧಿ ಎಲ್ ಮಡಗಿದ್ದೀಯ?" ಅಷ್ಟು ಮಕ್ಕಳ ಮುಂದೆ ನಾನು ತಲೆ ತಗ್ಗಿಸಿದೆ, ಏಕೆಂದರೆ ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಆ ಹತ್ತೂ ತಟ್ಟೆಗಳನ್ನು ನಾನು ಇಟ್ಟುಕೊಂಡು, ಸಂಜೆಯೇ ಹೊಸವನ್ನು ತಂದುಕೊಟ್ಟೆ. ನೀವು ಪ್ಲಾಸ್ಟಿಕ್ ಟ್ರೇಗಳನ್ನು ಮನೆಯಿಂದಲೇ ಒಯ್ಯಿರಿ.

ಬೈದ ಮೇಲೆ ಅವರೇ ನನಗೊಂದು ಉಪಾಯ ಕಲಿಸಿದರು. ನೆಲದ ಮೇಲೆ ಉಳಿಯುವ ಕಣ್ಣಿಗೆ ಕಾಣದ ಸಣ್ಣ ಸೀಳುಗಳನ್ನು ಕಸಬರಿಗೆ ಹಿಡಿಯುವುದಿಲ್ಲ. ಕಲಸಿದ ಹಿಟ್ಟಿನ ಉಂಡೆಯನ್ನು ನೆಲಕ್ಕೆ ಒತ್ತುತ್ತಾ ಹೋದರೆ ಎಲ್ಲ ಅಂಟಿಕೊಂಡು ಬರುತ್ತವೆ. ಆ ಉಂಡೆಯನ್ನು ದನ, ಕೋಳಿ ಮುಟ್ಟದ ಹಾಗೆ ಹೂಳಬೇಕು. ಕೊನೆಗೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನೂ ಎಸೆಯಿರಿ. ಮಕ್ಕಳು ಸೋಪು ಹಾಕಿ ಕೈ ತೊಳೆಯದೆ ಊಟಕ್ಕೆ ಹೋಗುವಂತಿಲ್ಲ.

ಜೋಡಿಸುವುದು ಹೀಗೆ: ಮಗುವಿನ ಚಿತ್ರದ ಮೇಲೆ ಪಾರದರ್ಶಕ ಪಾಲಿಥೀನ್ ಹಾಳೆ, ಅದರ ಮೇಲೆ ಆರು ಇಂಚಿನ ಫೈಬರ್ ಜಾಲರಿ. ಗೋಡೆಯ ಬಿರುಕಿಗೆ ಹಾಕುವ ಜಾಲರಿ ಇದೇ, ಪೇಂಟ್ ಅಂಗಡಿಯಲ್ಲಿ ಸಿಗುತ್ತದೆ. ಚಿತ್ರ ಕೆಳಗಿಂದ ಕಾಣುತ್ತಿರುತ್ತದೆ, ಮಗು ಅದರ ಮೇಲೆ ಚೂರು ಇಟ್ಟುಕೊಂಡು ಹೋಗುತ್ತದೆ. ಮೊದಲು ಗೋಂದಿಲ್ಲದೆ ಇಡಲಿ, ಬದಲಿಸಲಿ, ಕೆಡಿಸಲಿ. ಒಪ್ಪಿಗೆಯಾದ ಮೇಲೆ ಒಂದೊಂದನ್ನೇ ಎತ್ತಿ ಅಂಟಿಸಲಿ. ಗೋಂದು ನೀರಿಗೆ ಜಗ್ಗದಂಥದ್ದಾಗಬೇಕು, ನಾನು ಫೆವಿಕಾಲ್ ಮರೀನ್ ಬಳಸುತ್ತೇನೆ. ಚೂರಿನ ಬೆನ್ನಿಗೆ ಸಾಸಿವೆಯಷ್ಟು ಎರಡು ಚುಕ್ಕೆ ಸಾಕು. ಜಾಲರಿಗೆಲ್ಲ ಗೋಂದು ಬಳಿದರೆ ಅದರ ಕಣ್ಣು ಮುಚ್ಚಿ, ಮುಂದೆ ಸಿಮೆಂಟ್ ಹಿಡಿಯಲು ಜಾಗವೇ ಇರುವುದಿಲ್ಲ.

ಚೂರಿನಿಂದ ಚೂರಿಗೆ ಎಷ್ಟು ಸಂದು? "ಎರಡು ಮಿಲಿಮೀಟರ್" ಅಂದರೆ ಎರಡನೇ ತರಗತಿಗೆ ಅರ್ಥವಾಗುವುದಿಲ್ಲ. ಪ್ರತಿಯೊಬ್ಬರ ಕೈಗೂ ಒಂದು ಅಕ್ಕಿಕಾಳು ಕೊಟ್ಟು, "ಇದು ಮಲಗುವಷ್ಟು ಜಾಗ ಬಿಡಿ" ಅನ್ನಿ. ಅಂಚಿನ ಚೂರುಗಳು ಚೌಕದಿಂದ ಹೊರಗೆ ಚಾಚದಿರಲಿ.

ಕೈ ಹಾಕಬೇಡಿ. ಕೋಳಿಗೆ ಐದು ಕಾಲು ಬಂದರೂ ಬರಲಿ. ಕಲಾವಿದರಿಗೆ ಇದಕ್ಕಿಂತ ಕಷ್ಟದ ಕೆಲಸ ಇನ್ನೊಂದಿಲ್ಲ. ನನಗೆ ಕೈ ತಡೆಯದಾದಾಗ ಹೊರಗೆ ಹೋಗಿ ಕಾಫಿ ಕುಡಿದು ಬರುತ್ತೇನೆ.

ಬ್ಯಾಂಡೇಜು, ಚಿಮಟ, ನಂಜುನಿವಾರಕ ಪೆಟ್ಟಿಗೆಯಲ್ಲಿರಲಿ. ಆ ಶಾಲೆಯಲ್ಲಿ ಮಗುವಿನ ಬೆರಳಿಗೆ ಆದ ಒಂದೇ ಗಾಯ ಮೊದಲ ದಿನದ್ದು, ಪೆನ್ಸಿಲ್ ಶಾರ್ಪನರ್‌ನ ಬ್ಲೇಡಿನಿಂದ.

ಸಿಮೆಂಟಿನ ಕೆಲಸ

ಇದರ ಹತ್ತಿರ ಮಕ್ಕಳು ಬೇಡ. ಹಸಿ ಸಿಮೆಂಟ್ ಚರ್ಮ ಸುಡುತ್ತದೆ, ದೊಡ್ಡವರೂ ರಬ್ಬರ್ ಕೈಗವಸು ಹಾಕಿಕೊಳ್ಳಿ.

ಶಾಲೆಯ ಗೋಡೆಗೆ ನೇರವಾಗಿ ಅಂಟಿಸಬೇಡಿ. ಸುಣ್ಣ, ಡಿಸ್ಟೆಂಪರ್ ಬಳಿದ ಗೋಡೆಯಲ್ಲಿ ಅಂಟು ಹಿಡಿಯುವುದು ಗಾರೆಯನ್ನಲ್ಲ, ಸುಣ್ಣದ ಪದರವನ್ನು. ಸುಣ್ಣ ಕಳಚಿದ ದಿನ ಚಿತ್ರವೂ ಕಳಚುತ್ತದೆ. ತೇವದ ಗೋಡೆಯಾದರೆ ಉಪ್ಪು ಬೇರೆ ಉಕ್ಕುತ್ತದೆ. ಎಂಟು ಮಿಲಿಮೀಟರ್ ದಪ್ಪದ ಫೈಬರ್ ಸಿಮೆಂಟ್ ಬೋರ್ಡ್ ತನ್ನಿ. ಎಂಟು ಅಡಿ ನಾಲ್ಕು ಅಡಿಯ ಒಂದು ಹಾಳೆಯಲ್ಲಿ ನಮಗೆ ಬೇಕಾದ ನಾಲ್ಕು ಹಲಗೆ ಕತ್ತರಿಸಿದ ಮೇಲೂ ಅರ್ಧ ಉಳಿಯುತ್ತದೆ. ಶಾಲೆ ಮುಂದೆ ಬೇರೆ ಕಟ್ಟಡಕ್ಕೆ ಹೋದರೆ ಹಲಗೆಯನ್ನು ಬಿಚ್ಚಿ ಒಯ್ಯಬಹುದು ಎನ್ನುವುದೂ ಒಂದು ಅನುಕೂಲ.

ಬಿಳಿ ಟೈಲ್ ಅಂಟನ್ನು ಗಟ್ಟಿ ಮೊಸರಿನ ಹದಕ್ಕೆ ಕಲಸಿ, ಹಲ್ಲಿರುವ ಕರಣೆಯಲ್ಲಿ ಬಳಿದು, ಸಂಖ್ಯೆ ಮತ್ತು ಬಾಣ ನೋಡಿ ಜಾಲರಿ ಚೌಕಗಳನ್ನು ಇಟ್ಟು, ಮರದ ತುಂಡಿನಿಂದ ಸಮನಾಗಿ ಒತ್ತಿ. ಪಾಲಿಥೀನ್ ಮೊದಲೇ ಸುಲಿದಿರಬೇಕು (ಹೇಳಬೇಕಾದ್ದೇ, ಒಮ್ಮೆ ಮರೆತಿದ್ದೇನೆ). ಗಾಜು ನೀರು ಹೀರುವುದಿಲ್ಲ, ಹಾಗಾಗಿ ಹೆಂಚಿಗಿಂತ ನಿಧಾನವಾಗಿ ಒಣಗುತ್ತದೆ. ಎರಡು ಮೂರು ದಿನ ನೆರಳಲ್ಲಿ ಬಿಡಿ. ಕನ್ನಡಿ ಚೂರುಗಳನ್ನು ಮಾತ್ರ ಈ ಅಂಟಿಗೆ ಕೊಡಬೇಡಿ, ಬೆನ್ನಿನ ಬೆಳ್ಳಿ ಕಪ್ಪಾಗುತ್ತದೆ. ಅವಕ್ಕೆ ಜಾಗ ಖಾಲಿ ಬಿಟ್ಟು ಆಮೇಲೆ ನ್ಯೂಟ್ರಲ್ ಸಿಲಿಕೋನ್ ಅಂಟಿನಲ್ಲಿ ಕೂರಿಸಿ. ವಿನೆಗರ್ ವಾಸನೆ ಬರುವ ಸಿಲಿಕೋನ್ ಬೇಡ, ಅದೂ ಬೆಳ್ಳಿಯನ್ನು ತಿನ್ನುತ್ತದೆ.

ಸಂದು ತುಂಬುವ ಗ್ರೌಟ್ ಕಡುಬೂದು ಬಣ್ಣದ್ದಿರಲಿ. ಬಿಳಿ ಹಾಕಿದರೆ ಕಣ್ಣು ಸಂದಿಗೇ ಹೋಗುತ್ತದೆ, ಗಾಜು ಸಪ್ಪೆಯಾಗುತ್ತದೆ. ನಂಬದವರು ಮೈಸೂರು ಅರಮನೆಯ ಕಲ್ಯಾಣ ಮಂಟಪದಲ್ಲಿ ನಿಂತು ತಲೆ ಎತ್ತಿ ನೋಡಿ. 1912ರಲ್ಲಿ ಮುಗಿದ ಆ ಅರಮನೆಯ ಗಾಜಿನ ಚಾವಣಿ ಗ್ಲಾಸ್ಗೋದಲ್ಲಿ ತಯಾರಾಗಿ ಬಂದದ್ದು. ಅಲ್ಲಿನ ನವಿಲುಗಳ ಬಣ್ಣ ಅಷ್ಟು ಎದ್ದು ಕಾಣುವುದು ಸುತ್ತ ಕಪ್ಪು ಗೆರೆ ಇರುವುದರಿಂದ. ಬಳೆಚೂರನ್ನು ಕೀಳು ಸರಕು ಎನ್ನುವ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯರಿದ್ದರೆ, ಚಂಡೀಗಢದಲ್ಲಿ ನೇಕ್ ಚಂದ್ ಕಟ್ಟಿದ ರಾಕ್ ಗಾರ್ಡನ್‌ನ ಫೋಟೋ ತೋರಿಸಿ. ಒಡೆದ ಬಳೆ, ಒಡೆದ ಪಿಂಗಾಣಿಯಿಂದ ಆದ ಗೊಂಬೆಗಳ ಸಾಲು, 1976ರಿಂದ ಜನ ನೋಡಲು ಹೋಗುತ್ತಲೇ ಇದ್ದಾರೆ.

ಗ್ರೌಟ್ ತುಂಬಿ ಇಪ್ಪತ್ತು ನಿಮಿಷಕ್ಕೆ ಹಿಂಡಿದ ಸ್ಪಂಜಿನಲ್ಲಿ ಒರೆಸಿ. ನೀರು ಹೆಚ್ಚಾದರೆ ಬಣ್ಣ ತೊಳೆದುಹೋಗುತ್ತದೆ. ಮರುದಿನ ಉಳಿಯುವ ಮಂಜನ್ನು ಒಣ ಬಟ್ಟೆಯಲ್ಲಿ ತಿಕ್ಕಿ. ಆಮೇಲೆ ಮತ್ತೆ ಆ ನೈಲಾನ್ ಸೀರೆ: ಇಡೀ ಹಲಗೆಯ ಮೇಲೆ ಎಳೆಯಿರಿ. ಸಿಕ್ಕಿಕೊಂಡ ಕಡೆ ಒದ್ದೆ ಸಾಣೆಕಲ್ಲು.

ನಾಲ್ಕು ಮಿಲಿಮೀಟರ್ ಗಾಜು ಚದರ ಅಡಿಗೆ ಹೆಚ್ಚುಕಡಿಮೆ ಒಂದು ಕಿಲೋ ತೂಗುತ್ತದೆ. ಬೋರ್ಡು, ಅಂಟು, ಗ್ರೌಟ್ ಸೇರಿ ಒಂದು ಹಲಗೆ 10 ಕಿಲೋ ದಾಟುತ್ತದೆ. ಮೊಳೆ ಸಾಲದು. ಇಟ್ಟಿಗೆಗೆ ಡ್ರಿಲ್ ಮಾಡಿ, ಪ್ಲಗ್ ಹಾಕಿ, ಹಲಗೆಗೆ ಐದರಂತೆ ತುಕ್ಕು ಹಿಡಿಯದ ಸ್ಟೀಲ್ ಸ್ಕ್ರೂ. ಅದರ ತೂತುಗಳನ್ನು ಗಾಜು ಅಂಟಿಸುವ ಮೊದಲೇ ಕೊರೆದಿರಬೇಕು. ಕೆಳಗಿನ ಅಂಚು ನೆಲದಿಂದ ಎರಡು ಅಡಿಗೆ ಬರಲಿ. ದೊಡ್ಡವರ ಕಣ್ಣಿನ ಎತ್ತರಕ್ಕೆ ಹಾಕಿಸಲು ಹೆಡ್‌ಮೇಡಂ ಆಸೆಪಟ್ಟರು. ನಾನು ಒಂದನೇ ತರಗತಿಯವಳೊಬ್ಬಳನ್ನು ಕರೆದು ಗೋಡೆಗೆ ಒರಗಿಸಿ ನಿಲ್ಲಿಸಿದೆ, ಮಾತು ಮುಗಿಯಿತು. ಮಕ್ಕಳು ಮುಟ್ಟಬೇಕು. ಮಳೆ ನಿಂತ ಮೇಲೆ ಸಾಲಾಗಿ ಬಂದು ತಂತಮ್ಮ ಚೌಕದ ಮೇಲೆ ಬೆರಳಾಡಿಸುತ್ತಾರಂತೆ, ಟೀಚರ್ ಹೇಳಿದರು. ಹೆಸರಿನ ಫಲಕ ಹಾಕಿಸಲಿಲ್ಲ. ಯಾವ ಸಂಖ್ಯೆ ಯಾರದು ಎನ್ನುವ ಪಟ್ಟಿ ಕಚೇರಿ ಬೀರುವಿನಲ್ಲಿದೆ, ಅದರ ಪಕ್ಕದಲ್ಲೇ ಉಳಿದ ಚೂರುಗಳ ಡಬ್ಬ ಮತ್ತು ಮುಚ್ಚಳ ಬಿಗಿಮಾಡಿದ ಅರ್ಧ ಕಿಲೋ ಗ್ರೌಟ್. ಒಂದು ಚೂರು ಬಿದ್ದರೆ ಅದೇ ದಿನ ಕೂರಿಸಿ, ತಡಮಾಡಿದರೆ ಮಕ್ಕಳ ಉಗುರು ಪಕ್ಕದ್ದನ್ನು ಕೀಳುತ್ತದೆ.

64ನೇ ಚೌಕ ಅಡುಗೆ ಅಮ್ಮನಿಗೆ ಹೋಯಿತು. "ನಂಗ್ಯಾಕವ್ವಾ" ಎನ್ನುತ್ತಲೇ ಕೂತು, ಒಂದು ಗಂಟೆಯಲ್ಲಿ ತಟ್ಟೆಯ ನಡುವೆ ಒಂದು ರಾಗಿಮುದ್ದೆ ಮಾಡಿದರು. ಮುದ್ದೆಯ ಕಂದು ಬಣ್ಣ ಬಿಯರ್ ಬಾಟಲಿಯದು ಎಂದು ನಾನು ಅವರಿಗೆ ಹೇಳಿಲ್ಲ. ನಿರ್ವಹಣೆಗೆ ಒದ್ದೆ ಬಟ್ಟೆ ಸಾಕು, ಆಸಿಡ್ ಮುಟ್ಟಿಸಬೇಡಿ, ಉಜ್ಜಬೇಡಿ ಎಂದು ಶಾಲೆಗೆ ಬರೆದುಕೊಟ್ಟಿದ್ದೇನೆ. ಅಮ್ಮ ಮಾತ್ರ ಪಾತ್ರೆ ತೊಳೆದ ಮೇಲೆ ಕೈಯಲ್ಲುಳಿದ ತೆಂಗಿನ ನಾರು, ಬೂದಿಯಲ್ಲಿ ತಮ್ಮ ಚೌಕವನ್ನೂ ದಿನಾ ಒಂದು ಸುತ್ತು ಉಜ್ಜುತ್ತಾರೆ. ಬೇಡ ಅಂದರೆ ಕೇಳುವುದಿಲ್ಲ. ಈ ವರ್ಷ ಹೋದಾಗ ನೋಡಿದೆ, ಮುದ್ದೆ ತಳತಳ ಅನ್ನುತ್ತಿತ್ತು, ಸುತ್ತಲಿನ ಗ್ರೌಟ್ ಮಾತ್ರ ಒಂದು ಅಕ್ಕಿಕಾಳಿನಷ್ಟು ಸವೆದಿತ್ತು. ಬೀರುವಿನ ಡಬ್ಬ ತೆಗೆಸಿ ತುಂಬಿ ಬಂದೆ.